ತಪ್ಪು ಪಾಸ್‌ವರ್ಡ್‌ನದ್ದಲ್ಲ!

ನಾನು ಬಿಇ ಆರನೇ ಸೆಮಿಸ್ಟರ್. ವಿಭಾಗದ ಮೇಲ್ ಸರ್ವರ್ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಪ್ಲೇಸ್‌ಮೆಂಟ್ ನೋಂದಣಿಗೆ ಕಾಲೇಜಿನ ಇ-ಮೇಲ್ ವಿಳಾಸ ಕಡ್ಡಾಯ, ಮರುದಿನವೇ ಕೊನೆಯ ದಿನ. ವಿಳಾಸವಿಲ್ಲದ 11 ಮಂದಿ ಗೆಳೆಯರು ನನ್ನನ್ನೇ ನಂಬಿದ್ದರು.

ರಾತ್ರಿ ವೆಬ್‌ಮೇಲ್ ಅಡ್ಮಿನ್ ಪುಟ ತೆರೆದು ಲಾಗಿನ್ ಒತ್ತಿದ್ದೇ ತಡ, ‘500 ಇಂಟರ್ನಲ್ ಸರ್ವರ್ ಎರರ್’! ಪಾಸ್‌ವರ್ಡ್ ಮತ್ತೆ ಮತ್ತೆ ಟೈಪಿಸಿದೆ, ಬ್ರೌಸರ್ ಬದಲಿಸಿದೆ. ಊಹೂಂ. ಎರಡು ಗಂಟೆ ಕಳೆಯಿತು.

ಕೊನೆಗೆ ಸೀನಿಯರ್‌ಗೆ ಫೋನ್ ಮಾಡಿದೆ. ‘ಲಾಗ್ ನೋಡಿದೆಯಾ?’ ಅಷ್ಟೇ ಕೇಳಿದರು.

500 ಎಂದರೆ ಸರ್ವರ್ ‘ತೊಂದರೆ ನನ್ನಲ್ಲೇ ಇದೆ’ ಎನ್ನುತ್ತಿದೆ ಎಂದರ್ಥ. ಕಾರಣ ಸಿಗುವುದು ಲಾಗ್‌ನಲ್ಲಿ. ಅಪಾಚೆಯ ಎರರ್ ಲಾಗ್ ತೆರೆದರೆ ಕೊನೆಯಲ್ಲೇ ಇತ್ತು: ‘ಕುಡ್ ನಾಟ್ ಫೈಂಡ್ ಡ್ರೈವರ್’. ಆ ಮಧ್ಯಾಹ್ನ ಪಿಎಚ್‌ಪಿಯನ್ನು ಹೊಸ ಆವೃತ್ತಿಗೆ ಏರಿಸಿದ್ದವನು ನಾನೇ. ಅದಕ್ಕೆ ತಕ್ಕ ಮೈಎಸ್‌ಕ್ಯೂಎಲ್ ಮಾಡ್ಯೂಲ್ ಹಾಕಲು ಮರೆತಿದ್ದೆ. ಲಾಗಿನ್ ಪುಟ ಕಾಣಲು ಡೇಟಾಬೇಸ್ ಬೇಕಿರಲಿಲ್ಲ. ಪಾಸ್‌ವರ್ಡ್ ಪರೀಕ್ಷಿಸಲು ಬೇಕಿತ್ತು. ಮಾಡ್ಯೂಲ್ ಹಾಕಿ, ಅಪಾಚೆ ರೀಸ್ಟಾರ್ಟ್ ಮಾಡಿದೆ. ಲಾಗಿನ್ ಆಯಿತು!

ಬೆಳಗಾಗುವಷ್ಟರಲ್ಲಿ 11 ವಿಳಾಸಗಳೂ ಸಿದ್ಧ. ಗೆಳೆಯರು ಥ್ಯಾಂಕ್ಸ್ ಹೇಳಿದಾಗ ಎಡವಟ್ಟು ನನ್ನದೇ ಎಂದು ಒಪ್ಪಿಕೊಂಡೆ. ಈಗ ಎರರ್ ಬಂದರೆ ಊಹಿಸುವುದಿಲ್ಲ, ಮೊದಲು ಲಾಗ್ ಓದುತ್ತೇನೆ.