ನಿದ್ದೆಗೂ ಜಾಗ ಕೊಡದ ಊರು

ರಾತ್ರಿ ಒಂಬತ್ತೂವರೆ ದಾಟುತ್ತಿದ್ದಂತೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದೊಂದೇ ಷಟರ್ ಇಳಿಯುತ್ತದೆ. ಅಂಗಡಿಯ ಹುಡುಗ ಬೀಗ ಜಗ್ಗಿ ನೋಡಿ, ಮೊದಲೇ ತುಂಬಿ ಹೊರಗಿಟ್ಟಿದ್ದ ಬಕೆಟ್ ಎತ್ತಿ, ಮೂರೂ ಮೆಟ್ಟಿಲ ಮೇಲೆ ಒಂದೇ ಸಮನೆ ನೀರು ಸುರಿಯುತ್ತಾನೆ. ಕೈಯಲ್ಲಿ ಪೊರಕೆಯಿಲ್ಲ, ಒರೆಸುವ ಬಟ್ಟೆಯೂ ಇಲ್ಲ. ತೊಳೆಯುವ ಕೆಲಸ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಮುಗಿದಿದೆ. ಇನ್ನರ್ಧ ಗಂಟೆಯಲ್ಲಿ ಬಂದು ಇಲ್ಲಿ ಮೈ ಚಾಚುವವರು ಚಾಚದಿರಲಿ ಎಂದು ಸುರಿಯುವ ನೀರು ಇದು.

ಹಗಲು ಪುಸ್ತಕ ಹುಡುಕಿಕೊಂಡೋ, ಮದುವೆಯ ಕರೆಯೋಲೆ ಮಾಡಿಸಲೋ ಈ ರಸ್ತೆಗೆ ಬಂದು ಹೋಗುವವರ ಕಣ್ಣಿಗೆ ಇದು ಬೀಳುವುದಿಲ್ಲ. ಚಳಿಗಾಲದ ರಾತ್ರಿ ಒಂದಿಷ್ಟು ಹೊತ್ತು ನಿಂತು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಕೆ.ಆರ್. ಮಾರ್ಕೆಟ್ ಕಡೆಯಿಂದ ಮಡಚಿದ ರಟ್ಟು, ಸಿಮೆಂಟ್ ಚೀಲ, ಒಂದು ಹೊದಿಕೆ ಕಂಕುಳಲ್ಲಿ ಇಟ್ಟುಕೊಂಡು ಜನ ಬರುತ್ತಾರೆ. ಮೆಟ್ಟಿಲು ಮುಟ್ಟಿ ನೋಡುತ್ತಾರೆ. ಒದ್ದೆ ಇದ್ದರೆ ಬೈಯುವುದಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಣಗುವುದನ್ನು ಕಾಯುತ್ತಾರೆ.

ಹಾಗೆ ಕಾಯುತ್ತಿದ್ದವರಲ್ಲಿ ಯಾದಗಿರಿ ಕಡೆಯ ಹಮಾಲಿಯೊಬ್ಬರಿದ್ದರು. ವಯಸ್ಸು ಐವತ್ತರ ಆಸುಪಾಸು. “ಬ್ಯಾಸಗಿದಾಗ ಲಗೂನ ಒಣಗತದ್ರೀ. ಈ ಥಂಡ್ಯಾಗ ಒಣಗಂಗೇ ಇಲ್ಲ” ಎಂದರು, ಹವಾಮಾನದ ಸುದ್ದಿ ಹೇಳುವಷ್ಟು ಸಾದಾ ದನಿಯಲ್ಲಿ.

“ಯಜಮಾನ್ರೇ, ರಾತ್ರಿ ತಂಗುದಾಣ ಅಂತ ಇರುತ್ತಲ್ಲ, ಅಲ್ಲಿಗೆ ಹೋಗಬಹುದಿತ್ತಲ್ವಾ?”

“ದೂರ ಅದರೀ ಸಾಹೇಬ್ರ. ನಸುಕಿನ್ಯಾಗ ಲಾರಿ ಬರ್ತಾವ. ಅಲ್ಲಿಂದ ನಡಕೊಂಡು ಬರೂದ್ರಾಗ ಬ್ಯಾರೇದವರು ಮಾಲ್ ಇಳಿಸಿರ್ತಾರ.”

ಇಷ್ಟರಲ್ಲೇ ಎಲ್ಲ ಲೆಕ್ಕವೂ ಇದೆ. ಹೂವು, ತರಕಾರಿ ಈ ಪೇಟೆಗೆ ಬೆಳಕು ಹರಿಯುವ ಮೊದಲೇ ಬಂದಿಳಿಯುತ್ತದೆ. ಮೊದಲು ಕೈ ಹಾಕಿದವನಿಗೆ ಕೂಲಿ. ಬಾಡಿಗೆ ಮನೆ ಹಿಡಿದರೆ ಊರಿಗೆ ಕಳಿಸಲು ಉಳಿಯುವುದೇನು? ಆದ್ದರಿಂದ ಕೆಲಸದ ಪಕ್ಕದಲ್ಲೇ ಮಲಗಬೇಕು. ಚಪ್ಪಲಿ ತಲೆದಿಂಬಿನ ಅಡಿಗೆ, ದುಡ್ಡು ಮತ್ತು ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ. ನಡುರಾತ್ರಿ ಯಾರೋ ಬಂದು ಅಂಗಾಲಿಗೆ ಲಾಠಿಯಿಂದ ತಟ್ಟಿ ಎಬ್ಬಿಸುತ್ತಾರೆ. ಎದ್ದು ಇನ್ನೊಂದು ಮೆಟ್ಟಿಲಿಗೆ ಹೋಗುವುದು. ಕುಡಿದು ಬೈಕಿನಲ್ಲಿ ಹೋಗುವ ಹುಡುಗರು ಬಾಟಲಿ ಎಸೆದು ನಗುವುದೂ ಉಂಟಂತೆ. ಇದನ್ನೆಲ್ಲ ಹೇಳುವಾಗ ಅವರ ದನಿ ಏರಲಿಲ್ಲ. ಕೇಳುವವರಿಗೇ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಅದೇ ಸಾಲಿನಲ್ಲಿ ನೀರಿಗಿಂತ ಹೆಚ್ಚು ಯೋಚನೆ ಮಾಡಿ ಮಾಡಿಸಿದ ಒಂದು ವಸ್ತು ಕಣ್ಣಿಗೆ ಬಿತ್ತು. ಮೆಟ್ಟಿಲಿನಷ್ಟೇ ಅಗಲದ ಕಬ್ಬಿಣದ ಚೌಕಟ್ಟು. ಹಗಲು ಅದನ್ನು ಎತ್ತಿ ಗೋಡೆಗೆ ಒರಗಿಸಿ ಕೊಂಡಿ ಹಾಕುತ್ತಾರೆ, ಗಿರಾಕಿಗೆ ತೊಂದರೆಯಿಲ್ಲ. ರಾತ್ರಿ ಕೀಲಿನ ಮೇಲೆ ಕೆಳಗಿಳಿದು ಅದು ಮೆಟ್ಟಿಲನ್ನು ಪೂರ್ತಿ ಮುಚ್ಚುತ್ತದೆ. ಮೇಲ್ಮೈ ತುಂಬ ಓರೆಯಾಗಿ ಕತ್ತರಿಸಿದ ಸರಳಿನ ತುಂಡುಗಳು, ಒಂದರಿಂದ ಇನ್ನೊಂದಕ್ಕೆ ನಾಲ್ಕು ಬೆರಳಿನ ಅಂತರ. ನಡುವೆ ಅಂಗೈ ಊರಲೂ ಆಗದು. ಕಳ್ಳರಿಗಾಗಿ ಎನ್ನುವಂತಿಲ್ಲ, ಷಟರಿಗೆ ಎರಡು ಬೀಗ, ಮೇಲೆ ಕ್ಯಾಮೆರಾ ಇದೆ. ಯಾರೋ ಅಳತೆ ತೆಗೆದಿದ್ದಾರೆ, ಯಾರೋ ವೆಲ್ಡಿಂಗ್ ಮಾಡಿದ್ದಾರೆ, ಯಾರೋ ಬಿಲ್ಲು ಕೊಟ್ಟಿದ್ದಾರೆ. ಒಬ್ಬ ಮನುಷ್ಯ ಮಲಗಿದರೆ ಎಲ್ಲೆಲ್ಲಿ ಚುಚ್ಚಬೇಕು ಎಂದು ಲೆಕ್ಕ ಹಾಕದೆ ಇಂಥದ್ದು ತಯಾರಾಗುವುದಿಲ್ಲ.

ಈ ಕಬ್ಬಿಣಕ್ಕೆ ದೇಶವಿದೇಶಗಳಲ್ಲಿ ನೆಂಟರಿದ್ದಾರೆ. 2018ರ ಮಾರ್ಚ್‌ನಲ್ಲಿ ಮುಂಬೈನ ಫೋರ್ಟ್ ಪ್ರದೇಶದಲ್ಲಿ ಖಾಸಗಿ ಬ್ಯಾಂಕೊಂದರ ಶಾಖೆ ತನ್ನ ಮುಂದಿನ ಕಟ್ಟೆಗೆ ಚೂಪಾದ ಲೋಹದ ಮೊಳೆಗಳನ್ನು ಕೂರಿಸಿತ್ತು. ಫೋಟೊ ಹರಿದಾಡಿ ಜನ ಛೀಮಾರಿ ಹಾಕಿದ ಮೇಲೆ ಕಿತ್ತುಹಾಕಿತು. ಅದಕ್ಕೂ ಮೊದಲು, 2014ರ ಜೂನ್‌ನಲ್ಲಿ, ಲಂಡನ್ನಿನ ಸದರ್ಕ್ ಬ್ರಿಜ್ ರಸ್ತೆಯ ದುಬಾರಿ ಫ್ಲ್ಯಾಟುಗಳ ಬಾಗಿಲ ಬಳಿ ಇಂಥವೇ ಮೊಳೆಗಳು ಕಾಣಿಸಿಕೊಂಡವು. ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು, ಆಗಿನ ಮೇಯರ್ ಬೋರಿಸ್ ಜಾನ್ಸನ್ ಕೂಡ ಇದು ಮೂರ್ಖತನವೆಂದರು. ಮೊಳೆ ಹೋಯಿತು.

ಮೊಳೆ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಜನ ಸಿಟ್ಟಾಗುತ್ತಾರೆ. ಕಾಣದಂತೆ ಮಾಡುವ ವಿದ್ಯೆಯೂ ಇದೆ. ಲಂಡನ್ನಿನದೇ ‘ಕ್ಯಾಮ್ಡನ್ ಬೆಂಚ್’ ಅದರ ಪರಾಕಾಷ್ಠೆ. ಕ್ಯಾಮ್ಡನ್ ಸ್ಥಳೀಯ ಆಡಳಿತ ಹೇಳಿ ಮಾಡಿಸಿ, 2012ರಲ್ಲಿ ಗ್ರೇಟ್ ಕ್ವೀನ್ ಸ್ಟ್ರೀಟ್‌ನಲ್ಲಿ ಇಟ್ಟ ಕಾಂಕ್ರೀಟ್ ಆಸನ ಇದು. ತೂಕ ಹೆಚ್ಚುಕಡಿಮೆ ಎರಡು ಟನ್. ಮೊದಲ ನೋಟಕ್ಕೆ ಯಾವುದೋ ಕಲಾಕೃತಿ ಎನ್ನಬೇಕು. ಕೂರಬಹುದು, ಆದರೆ ಮೇಲ್ಮೈ ಬೇರೆ ಬೇರೆ ಕೋನದಲ್ಲಿ ಜಾರುತ್ತದೆ. ಮಲಗಿದರೆ ಬೆನ್ನು ಎಲ್ಲೂ ಸಮವಾಗಿ ನಿಲ್ಲದು. ಅಂಚು ಏರಿಳಿತವಾಗಿರುವುದರಿಂದ ಸ್ಕೇಟ್‌ಬೋರ್ಡಿನ ಹುಡುಗರಿಗೆ ಆಟವಿಲ್ಲ. ಸಂದುಗೊಂದು ಇಲ್ಲದ್ದರಿಂದ ಮಾದಕ ವಸ್ತುವಿನ ಪೊಟ್ಟಣ ಬಚ್ಚಿಡುವಂತಿಲ್ಲ. ಬಣ್ಣ ಬಳಿಯುವಂತಿಲ್ಲ, ಭಿತ್ತಿಪತ್ರ ಅಂಟಿಸುವಂತಿಲ್ಲ, ಲೇಪನವೇ ಬೇರೆ. ಕಾಲ ಹಿಂದೆ ಬ್ಯಾಗ್ ಸೇರಿಸಿಕೊಳ್ಳಲು ಬುಡದಲ್ಲಿ ತಗ್ಗು ಮಾಡಿದ್ದಾರೆ, ಕಳ್ಳರ ಕೈ ಸೇರದಿರಲೆಂದು. ಕೂರಲು ಬಂದವರ ಬ್ಯಾಗಿಗೂ ಇಷ್ಟು ಕಾಳಜಿ ತೋರಿದ ಕಲ್ಲು ಅದು. ವಿನ್ಯಾಸಕಾರರು ತಮ್ಮ ಸಮರ್ಥನೆಯಲ್ಲಿ ಹೇಳಿದ್ದರ ಸಾರ: ಬೀದಿಯಲ್ಲಿ ಮಲಗುವವರಿಗೆ ಅನುಕೂಲವಾಗುವಂತೆ ಬೆಂಚು ಮಾಡತೊಡಗಿದರೆ ಸಮಾಜವಾಗಿ ನಾವು ಸೋತೆವೆಂದೇ ಅರ್ಥ. ಮಾತು ಕೇಳಲು ಸರಿಯಾಗಿದೆ. ಆದರೆ ಮನೆ ಕೊಡುವ ಕೆಲಸ ಆಗುವುದಕ್ಕೆ ಮೊದಲೇ ಬೆಂಚು ಕಿತ್ತುಕೊಂಡರೆ ಆ ರಾತ್ರಿ ಮನುಷ್ಯ ಎಲ್ಲಿ ಹೋಗಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಮ್ಮ ಬಸ್ ತಂಗುದಾಣಗಳಲ್ಲಿ ಕುಳಿತರೂ ಜಾರುವ ಉಕ್ಕಿನ ಕೊಳವೆಗಳು, ಉದ್ಯಾನಗಳಲ್ಲಿ ನಡುವೆ ಅಡ್ಡ ಕೈಯಿಟ್ಟ ಬೆಂಚುಗಳು ಇದೇ ವಂಶದವು.

ಇದೇ ನಾಡಿನಲ್ಲಿ ಹಳೆಯ ಮನೆಗಳಿಗೆ ಜಗಲಿ ಇತ್ತು. ದಾರಿಹೋಕ ಕೇಳದೆ ಕೂರುತ್ತಿದ್ದ, ರಾತ್ರಿಯಾದರೆ ಅಲ್ಲೇ ಒರಗುತ್ತಿದ್ದ. ಜಾತಿ ನೋಡಿ ಜಗಲಿ ಹತ್ತಿಸುತ್ತಿದ್ದ ಕಾಲವೂ ಅದೇ, ಅದನ್ನು ಮರೆಯುವಂತಿಲ್ಲ. ಆದರೂ ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಪರವೂರಿನವರಿಗೆಂದು ಛತ್ರ ಕಟ್ಟಿಸಿದಾಗ, ಊರಿಗೆ ಬಂದವನಿಗೆ ಮೈ ಚಾಚಲು ಜಾಗ ಬೇಕು ಎಂಬುದು ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಬೀದಿಯಲ್ಲಿ ಮಲಗುವವರೆಂದರೆ ಸೋಮಾರಿಗಳು, ಭಿಕ್ಷುಕರು, ಕುಡುಕರು ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ 2002ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಬಾಂದ್ರಾದಲ್ಲಿ ಕಾರು ಹರಿದು ಒಬ್ಬರು ಸತ್ತು ನಾಲ್ವರು ಗಾಯಗೊಂಡದ್ದು ಅಂಗಡಿಯೊಂದರ ಮುಂದೆ. ಹಗಲು ದುಡಿದು ರಾತ್ರಿ ಅಲ್ಲಿ ಮಲಗಿದ್ದವರ ಮೇಲೆ. ನಟ ಸಲ್ಮಾನ್ ಖಾನ್ ಮೇಲಿನ ಆ ಪ್ರಕರಣ 2015ರಲ್ಲಿ ಹೈಕೋರ್ಟಿನ ಖುಲಾಸೆ ತೀರ್ಪು ಕಂಡಿತು. ಅದೇ ವರ್ಷ ಹೆಸರಾಂತ ಗಾಯಕರೊಬ್ಬರು ರಸ್ತೆಯಲ್ಲಿ ಮಲಗುವವರನ್ನು ನಾಯಿಗೆ ಹೋಲಿಸಿ ಟ್ವೀಟ್ ಮಾಡಿದ್ದರು. ಕ್ಷಮೆ ಆಮೇಲೆ ಬಂತು. ಆದರೆ ಆ ಮಾತಿಗೆ ತಲೆದೂಗಿದವರು ಕಡಿಮೆಯಿರಲಿಲ್ಲ.

ಇಂದೋರಿನಲ್ಲಿ ನಡೆದದ್ದು ಇನ್ನೂ ಹೇಸುವಂಥದ್ದು. ದೇಶದ ಅತಿ ಸ್ವಚ್ಛ ನಗರವೆಂದು ಸತತ ನಾಲ್ಕನೇ ಬಾರಿ ಹೆಸರು ಪಡೆದಿದ್ದ ಊರದು. 2021ರ ಜನವರಿ 29ರಂದು ಪಾಲಿಕೆಯ ಸಿಬ್ಬಂದಿ ಬೀದಿಯಲ್ಲಿದ್ದ ಮುದುಕ ಮುದುಕಿಯರನ್ನು ಲಾರಿಗೆ ಹತ್ತಿಸಿ, ಊರಾಚೆ ದೇವಾಸ್ ಹೆದ್ದಾರಿಯ ಕ್ಷಿಪ್ರಾ ಬಳಿ ಚಳಿಯಲ್ಲಿ ಇಳಿಸಲು ಹೋದರು. ಕೆಲವರಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಅವರ ಗಂಟುಮೂಟೆಗಳನ್ನು ಲಾರಿಯಿಂದ ಕೆಳಗೆ ಎಸೆಯುವುದು ವಿಡಿಯೊದಲ್ಲಿದೆ. ತಡೆದವರು ಅಲ್ಲಿಯ ಹಳ್ಳಿಗರು. ಪ್ರಶ್ನೆ ಮಾಡಿದರು, ಚಿತ್ರೀಕರಿಸಿದರು, ಮತ್ತೆ ಲಾರಿ ಹತ್ತಿಸುವವರೆಗೂ ಬಿಡಲಿಲ್ಲ. ಆಗಿನ ಮುಖ್ಯಮಂತ್ರಿ ಶಿವರಾಜ್ ಸಿಂಗ್ ಚೌಹಾಣ್ ಅವರು ಪಾಲಿಕೆಯ ಉಪ ಆಯುಕ್ತರನ್ನು ಅಮಾನತು ಮಾಡಿಸಿದರು. ಜಿಲ್ಲಾಧಿಕಾರಿ ಖಜರಾನಾ ಗಣೇಶನ ಗುಡಿಗೆ ಹೋಗಿ ಕ್ಷಮೆ ಕೇಳಿದರು. ಲಾರಿಯಲ್ಲಿದ್ದ ಮುದುಕರ ಮುಂದೆ ಕೇಳಬೇಕಾಗಿದ್ದ ಕ್ಷಮೆ ಅದು.

ಕರ್ನಾಟಕಕ್ಕೆ ಬಂದರೆ, ಇಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿದೆ. ಕೈಯೊಡ್ಡಿದವನು ಮಾತ್ರ ಅದರ ವ್ಯಾಪ್ತಿಗೆ ಬರುತ್ತಾನೆಂದು ತಿಳಿದವರೇ ಹೆಚ್ಚು. ಆದರೆ ಜೀವನೋಪಾಯ ಕಾಣದೆ ಸಾರ್ವಜನಿಕ ಜಾಗದಲ್ಲಿ ಅಲೆಯುವ, ಇರುವ ಮನುಷ್ಯನ ಸ್ಥಿತಿ ನೋಡಿದರೆ ಬೇಡಿ ಬದುಕುವವನಂತೆ ಕಂಡರೂ ಸಾಕು. ಅಂದರೆ ಮಾಸಿದ ಅಂಗಿಯ ಹಮಾಲಿ ಮಲಗಿದ್ದಾಗ ಅವನ ಕೂಲಿ ಯಾರ ಕಣ್ಣಿಗೂ ಕಾಣದು. ಅದೇ ಕಾಯ್ದೆ ಓದಿಗಾಗಿ ಭಿಕ್ಷೆ ಎತ್ತುವ ವಿದ್ಯಾರ್ಥಿಗೆ ವಿನಾಯಿತಿ ಕೊಟ್ಟಿದೆ. ಹರಕೆ ಹೊತ್ತವರಿಗೂ ಕೊಟ್ಟಿದೆ. ವಾರಾನ್ನದಲ್ಲಿ ಓದಿದವರ ನಾಡಿಗೆ ಆ ಮಮತೆ ಸಹಜ. ಅದು ಚಾಪೆ ಹಾಸಿದವನವರೆಗೆ ತಲುಪಬೇಕಿತ್ತು.

ಈ ಕಾಯ್ದೆಯಡಿ ಹಿಡಿದವರನ್ನು ಕಳಿಸುವುದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ರಾಜ್ಯವೇ ಬೆಚ್ಚಿತು, ಸಮಾಜ ಕಲ್ಯಾಣ ಸಚಿವರು ಖಾತೆ ಕಳೆದುಕೊಂಡರು. ಅಂದಿನಿಂದ ಮಾರ್ಕೆಟ್ ಸುತ್ತಲ ಹಳಬರಿಗೆ ಹಿಡಿದೊಯ್ಯುವ ವ್ಯಾನು ಕಂಡರೆ ಭಯ. ಅತ್ತ ದೆಹಲಿ ಹೈಕೋರ್ಟು 2018ರ ಆಗಸ್ಟ್ 8ರಂದು ಅಲ್ಲಿ ಜಾರಿಯಲ್ಲಿದ್ದ ಭಿಕ್ಷಾಟನೆ ಕಾನೂನಿನ ದಂಡನೆಯ ಕಲಮುಗಳನ್ನು ರದ್ದುಮಾಡಿತು. ಕರ್ನಾಟಕದ ಕಾಯ್ದೆಗೆ ಆ ತೀರ್ಪು ತಟ್ಟಲಿಲ್ಲ.

ಸುಪ್ರೀಂ ಕೋರ್ಟು ರಾತ್ರಿ ತಂಗುದಾಣದ ವಿಷಯಕ್ಕೆ ಕೈಹಾಕಿದ್ದು ದೆಹಲಿಯ ಒಂದು ಚಳಿಗಾಲದಲ್ಲಿ. 2009ರ ಡಿಸೆಂಬರ್‌ನಲ್ಲಿ ಪೂಸಾ ರಸ್ತೆಯ ವೃತ್ತದಲ್ಲಿದ್ದ ರಾತ್ರಿ ತಂಗುದಾಣವನ್ನು ಅಲ್ಲಿಯ ಪಾಲಿಕೆಯೇ ಕೆಡವಿತು. ನ್ಯಾಯಾಲಯ ಒತ್ತಾಯಿಸಿದ ಮೇಲೆ ನಗರದ ಪ್ರತಿ ಲಕ್ಷ ಜನಕ್ಕೊಂದು ತಂಗುದಾಣ ಎಂಬ ಲೆಕ್ಕ ಬಂತು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲೂ ಅದೇ ಇತ್ತು, ಜೊತೆಗೆ ಇನ್ನೊಂದು ಮಾತು: ತಂಗುದಾಣ ರೈಲು ನಿಲ್ದಾಣ, ಬಸ್ ನಿಲ್ದಾಣ, ಸಗಟು ಮಾರುಕಟ್ಟೆಯಂಥ ಜನ ದುಡಿಯುವ ಜಾಗಗಳ ಹತ್ತಿರವಿರಬೇಕು. 2011ರ ಜನಗಣತಿ ದೇಶದಲ್ಲಿ ಎಣಿಸಿದ ಮನೆಯಿಲ್ಲದವರು 17.7 ಲಕ್ಷ. ಆಗಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷವಿತ್ತು. ಲಕ್ಷಕ್ಕೊಂದರಂತೆ 84 ತಂಗುದಾಣ ಬೇಕಾಗಿತ್ತು.

ದುಡ್ಡಿಲ್ಲ ಎನ್ನುವಂತಿಲ್ಲ. ಆಸ್ತಿ ತೆರಿಗೆಯ ರಸೀದಿ ಮನೆಯಲ್ಲಿದ್ದರೆ ತೆಗೆದು ನೋಡಬಹುದು. ಗ್ರಂಥಾಲಯ, ಆರೋಗ್ಯದ ಉಪಕರಗಳ ಪಕ್ಕದಲ್ಲಿ ಭಿಕ್ಷುಕರ ಕರ ಎಂಬ ಸಾಲೂ ಇದೆ, ತೆರಿಗೆಯ ಶೇ 3ರಷ್ಟು. ಹಳ್ಳಿಯ ಪಂಚಾಯಿತಿ ರಸೀದಿಯಲ್ಲೂ ಇರುತ್ತದೆ. ಮೆಟ್ಟಿಲಿಗೆ ನೀರು ಹಾಕಿಸುವ ಅಂಗಡಿ ಮಾಲೀಕರೂ ವರ್ಷವರ್ಷ ಇದನ್ನು ಕಟ್ಟುತ್ತಾರೆ. ಅವರ ದೂರೂ ಸುಳ್ಳಲ್ಲ: ಬೆಳಿಗ್ಗೆ ಬಂದರೆ ಬಾಗಿಲಲ್ಲಿ ಎಲೆಯಡಿಕೆಯ ಉಗುಳು, ಮೂತ್ರದ ವಾಸನೆ. ಆದರೆ ರಾತ್ರಿ ತೆರೆದಿರುವ ಒಂದು ಶೌಚಾಲಯ ಕೊಟ್ಟರೆ ತೀರುವ ದೂರಿಗೆ ಅವರು ಬಕೆಟ್ಟಿನಲ್ಲಿ ಉತ್ತರ ಹುಡುಕುತ್ತಿದ್ದಾರೆ. ವರ್ತಕರ ಸಂಘಗಳು ಪಾರ್ಕಿಂಗಿಗಾಗಿ, ಒಳಚರಂಡಿಗಾಗಿ ಪಾಲಿಕೆಯ ಬಾಗಿಲು ತಟ್ಟಿದಂತೆ ತಮ್ಮ ಸರಕು ಹೊರುವವರ ನಿದ್ದೆಗಾಗಿಯೂ ಒಮ್ಮೆ ತಟ್ಟಬಹುದು.

ಕೆ.ಆರ್. ಮಾರ್ಕೆಟ್ಟಿನ ಕಟ್ಟಡ ಪಾಲಿಕೆಯದೇ. ಅದರ ಒಂದು ಅಂತಸ್ತಿನಲ್ಲಿ ರಾತ್ರಿ ಹತ್ತರಿಂದ ಚಾಪೆ ಹಾಸುವಷ್ಟು ನೆಲ, ಚೀಲ ಇಡಲು ಬೀಗದ ಪೆಟ್ಟಿಗೆ, ಕುಡಿಯುವ ನೀರು, ಹೆಂಗಸರಿಗೆ ಬೇರೆ ಕೋಣೆ, ಲಾರಿ ಬರುವ ಹೊತ್ತಿಗೆ, ಅಂದರೆ ಬೆಳಗಿನ ಜಾವ ಮೂರಕ್ಕೇ, ತೆರೆಯುವ ಬಾಗಿಲು ಇದ್ದರೆ ಸಾಕು. ಯಾದಗಿರಿಯ ಹಮಾಲಿ ಕೇಳಿದ್ದು ಇಷ್ಟನ್ನೂ ಅಲ್ಲ. ಚೀಲ ಇಡುವ ಪೆಟ್ಟಿಗೆ, ಬೇಗ ತೆರೆಯುವ ಬಾಗಿಲು, ಇವೆರಡನ್ನೇ. ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಕೊಡಲು ತಯಾರಿದ್ದೇವೆ ಎಂದೂ ಸೇರಿಸಿದರು.