ಈ ಗೋಡೆಯ ಮುಂದೆ ಕುಳಿತವರು ಯಾರು?

ಚಂದ್ರಗುತ್ತಿ ಎಂದೊಡನೆ ನೆನಪಾಗುವುದು ರೇಣುಕಾಂಬೆಯ ಗುಹಾಲಯ, ಬೆಟ್ಟ, ಬೆಟ್ಟದ ಮೇಲಿನ ಹಳೆಯ ಕೋಟೆ. ಸೊರಬ ತಾಲ್ಲೂಕಿನ ಈ ಊರಿಗೆ ಬಂದವರು ದೇವಿಯ ದರ್ಶನ ಮುಗಿಸಿ, ಕಾಲಲ್ಲಿ ಕಸುವಿದ್ದರೆ ಬೆಟ್ಟ ಹತ್ತಿ ಹಿಂದಿರುಗುತ್ತಾರೆ. ಸುತ್ತಲಿನ ಹಳ್ಳಿಗಳ ಮನೆಯೊಳಗೆ ಏನಿದೆಯೆಂದು ಇಣುಕುವವರು ಕಡಿಮೆ. ಆ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಅದು ಬರೆಯುವಂಥ ವಿಷಯ ಅನ್ನಿಸುವುದಿಲ್ಲ.

ಈ ಸೀಮೆಯ ಹುಡುಗಿಯೊಬ್ಬಳು ಶಾಲೆಗಾಗಿ ‘ನಮ್ಮ ಮನೆ’ ಎಂಬ ಪ್ರಬಂಧ ಬರೆಯಲು ಕುಳಿತಳೆಂದು ಇಟ್ಟುಕೊಳ್ಳಿ. ‘ನಮ್ಮ ಮನೆಗೆ ಜಗಲಿ ಇದೆ, ನಡುಮನೆ ಇದೆ, ಅಡುಗೆಮನೆ ಇದೆ, ಗೋಡೆಯ ಮೇಲೆ ಚಿತ್ತಾರವಿದೆ.’ ಇಷ್ಟಾಗುವಷ್ಟರಲ್ಲಿ ಪೆನ್ನು ನಿಂತುಬಿಡುತ್ತದೆ. ಬರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಜಪ್ತಿಗೆ ಬಂದ ಅಮೀನನೂ ಇದೇ ಪಟ್ಟಿಯನ್ನು ಬರೆದುಕೊಂಡು ಹೋಗುತ್ತಾನೆ!

ಪಟ್ಟಿಯ ಕೊನೆಯ ಮಾತನ್ನೇ ಹಿಡಿದು ನೋಡೋಣ. ಚಿತ್ತಾರ ಸೊರಬ, ಸಾಗರ ಕಡೆಯ ದೀವರ ಹೆಣ್ಣುಮಕ್ಕಳ ಕೈಚಳಕ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿಯನ್ನು ನೆನೆಸಿ ಅರೆದರೆ ಬಿಳಿ ಬಣ್ಣ. ಅದೇ ಅಕ್ಕಿಯನ್ನು ಕರಕಲಾಗುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ. ಕುಂಚ ಪುಂಡಿ ನಾರಿನದು. ಉದ್ದನೆಯ ನೇರ ಗೆರೆ ಬೇಕಾದಾಗ ಬಣ್ಣದಲ್ಲಿ ಅದ್ದಿದ ನೂಲನ್ನು ಗೋಡೆಗೆ ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಮದುವೆಗೆಂದು ಬರೆಯುವುದು ಹಸೆ ಚಿತ್ತಾರ. ಹಾಡು ಹೇಳುತ್ತಾ ಬರೆದ ಆ ಗೋಡೆಯ ಮುಂದೆಯೇ ಮದುಮಕ್ಕಳನ್ನು ಕೂರಿಸುವುದು ಪದ್ಧತಿ.

ಹಾಗಾದರೆ ಈ ಗೋಡೆಯ ಬಗ್ಗೆ ಬರೆಯುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬಣ್ಣ ಯಾವುದು ಎಂದಾಗಬಾರದು. ಅದರ ಮುಂದೆ ಕುಳಿತವರು ಯಾರು ಎಂದಾಗಬೇಕು. ‘ಅತ್ತೆಯ ಮದುವೆಗೆ ಅಜ್ಜಿ ಬರೆದ ಚಿತ್ತಾರವಿದು. ಒಂದು ಮಳೆಗಾಲ ಹೆಂಚು ಸೋರಿ ಬಲಗಡೆಯ ಮೂಲೆ ಅಳಿಸಿಹೋಯಿತು. ಅಜ್ಜಿಗೆ ಈಗ ಕಣ್ಣು ಮಂಜು, ಆ ಮೂಲೆ ಹಾಗೆಯೇ ಇದೆ.’ ಹುಡುಗಿ ಹೀಗೆ ಬರೆದಳೆನ್ನಿ. ಮೂರೇ ವಾಕ್ಯ. ಒಬ್ಬ ವ್ಯಕ್ತಿ ಬಂದಳು, ಕಾಲ ಸರಿಯಿತು, ಒಂದು ಕೆಲಸ ಅರ್ಧಕ್ಕೆ ನಿಂತಿತು. ಕತೆಗಾರರ ಗುಟ್ಟೆಂದರೆ ಬಹುಪಾಲು ಇಷ್ಟೇ. ಗೋಡೆ ಕೆಂಪಗಿದೆಯೆಂದು ಬೇರೆಯಾಗಿ ಹೇಳುವ ಅಗತ್ಯವೂ ಉಳಿಯಲಿಲ್ಲ, ಅಳಿಸಿದ ಮೂಲೆಯಲ್ಲಿ ಅದು ತಾನಾಗಿ ಕಾಣುತ್ತದೆ.

ಇನ್ನೊಂದು ಉಪಾಯ, ಮನೆಯೊಳಗೆ ಯಾರನ್ನಾದರೂ ನಡೆಸುವುದು. ಆಷಾಢದ ಮಳೆಯಲ್ಲಿ ಗದ್ದೆಯಿಂದ ಬಂದ ಅಪ್ಪ ಜಗಲಿಯ ಮೇಲೆ ಕಂಬಳಿ ಕೊಡವುತ್ತಾನೆ. ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬರುತ್ತಾನೆ. ಒಲೆಯ ಹತ್ತಿರ ಕಂಬಳಿ ಹರವುವಾಗ ಮೇಲಿನ ಅಟ್ಟದಿಂದ ಇಲ್ಲಣ ಅವನ ಹೆಗಲಿಗೆ ಉದುರುತ್ತದೆ. ಆ ಅಟ್ಟ ಏಕೆ ಕಪ್ಪಾಗಿದೆ? ಒಲೆಯ ಹೊಗೆ ಮೇಲಿಟ್ಟ ಕಾಳುಕಡಿಗೆ ಹುಳ ಬೀಳದಂತೆ ಕಾಯುತ್ತದೆ. ಓದುಗ ಅಪ್ಪನ ಹಿಂದೆ ನಡೆದು ಮನೆಯನ್ನೆಲ್ಲ ನೋಡಿದ, ‘ಇದೆ, ಇದೆ’ ಎಂಬ ರಗಳೆಯಿಲ್ಲದೆ.

ಜಪಾನಿನ ಸಾಹಿತಿ ಜುನಿಚಿರೊ ತಾನಿಜಾಕಿ 1933ರಲ್ಲಿ ನೆರಳಿನ ಚೆಲುವನ್ನು ಹೊಗಳಿ ಬರೆದ ಪ್ರಬಂಧ ಒಳಾಂಗಣದ ಮೇಲಿನ ಪ್ರಸಿದ್ಧ ಬರಹಗಳಲ್ಲಿ ಒಂದು. ಅದು ಸೌಂದರ್ಯದ ವ್ಯಾಖ್ಯಾನದಿಂದ ಆರಂಭವಾಗುವುದಿಲ್ಲ. ಹಳೆಯ ರೀತಿಯ ಮನೆ ಕಟ್ಟಬೇಕೆಂದು ಹೊರಟವನಿಗೆ ಕರೆಂಟಿನ ತಂತಿ, ಗ್ಯಾಸು ಮತ್ತು ನೀರಿನ ಕೊಳವೆಗಳನ್ನು ಎಲ್ಲಿ ಅಡಗಿಸುವುದೆಂಬ ಪೇಚಾಟದಿಂದ ಆರಂಭವಾಗುತ್ತದೆ. ಮನೆ ಕಟ್ಟಿಸಿದ ಯಾರೂ ಈ ಪೇಚನ್ನು ಬಲ್ಲರು. ನಮ್ಮಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಕಡಲಕರೆಯ ಆ ಮನೆ ಪರಿಚಿತ. ಅದರೊಳಗೆ ಕರೆದೊಯ್ಯುವುದು ಪಾರೋತಿ, ಸರಸೋತಿಯರ ದುಡಿಮೆ.

ಕತೆಯಂತೆ ಬರೆಯುವುದೆಂದರೆ ಕಟ್ಟಿ ಹೇಳುವುದಲ್ಲವೆಂಬ ಎಚ್ಚರವೂ ಬೇಕು. ಮೇಲಿನ ಅಜ್ಜಿ ಉದಾಹರಣೆಯ ಅಜ್ಜಿ; ನಿಮ್ಮ ಮನೆಯ ಅಜ್ಜಿ ಚಿತ್ತಾರ ಬರೆಯದಿದ್ದರೆ ಬರೆದಳೆನ್ನಬೇಡಿ. ಅವಳು ಬೀಸುಕಲ್ಲನ್ನು ಯಾವ ಜಾತ್ರೆಯಿಂದ ತಂದಳೆಂದು ಕೇಳಿದರೆ ಅದೇ ಸಾಕಾಗಬಹುದು. ಇನ್ನು ತಂದೆತಾಯಿಯರದೊಂದು ಅಭ್ಯಾಸವಿದೆ: ಮಕ್ಕಳು ಸೋರುವ ಹೆಂಚು, ಮಸಿ ಹಿಡಿದ ಅಟ್ಟ ಎಂದು ಬರೆದರೆ ಅದನ್ನು ಹೊಡೆಸಿ ‘ಸ್ವಚ್ಛವಾದ, ಸುಂದರವಾದ ಮನೆ’ ಎಂದು ಬರೆಸುವುದು. ಮೇಷ್ಟರು ಅಂಥ ಮನೆಗಳನ್ನು ಓದಿ ಓದಿ ಆಕಳಿಸಿದ್ದಾರೆ, ಪಾಪ.

ಮಣ್ಣಿನ ಗೋಡೆಗಳು ಬಿದ್ದು ಸಿಮೆಂಟಿನವು ಏಳುತ್ತಿರುವುದನ್ನು ಆಕ್ಷೇಪಿಸಿ ಫಲವಿಲ್ಲ. ಸೋರುವ ಮನೆಯಲ್ಲಿ ಮಲಗಿದವರಿಗೆ ಸಿಮೆಂಟಿನ ಬೆಲೆ ಗೊತ್ತು. ಚಿತ್ತಾರವೂ ಕಾಗದ, ಬಟ್ಟೆಗಳಿಗೆ ಇಳಿದು, ಕಟ್ಟು ಹಾಕಿಸಿಕೊಂಡು ಪಟ್ಟಣದ ಹಜಾರಗಳನ್ನು ಸೇರಿದೆ. ಅಲ್ಲಿ ಅದು ಚೆಂದದ ಅಲಂಕಾರ. ಅದರ ಮುಂದೆ ಹಸೆಯಿಲ್ಲ, ಸೋಫಾ ಇದೆ. ಆ ಪಯಣವೂ ಬರೆಯಲು ಒಳ್ಳೆಯ ಕತೆಯೇ. ಆದರೆ ಅದರ ಮೊದಲ ಅರ್ಧ ಇರುವುದು ಹಳ್ಳಿಯ ಹಿರಿಯ ಹೆಂಗಸರ ನೆನಪಿನಲ್ಲಿ, ಅದೂ ಎಷ್ಟು ದಿನ?

ನೋಟುಪುಸ್ತಕ ಹಿಡಿದು ಅಜ್ಜಿಯ ಪಕ್ಕ ಕುಳಿತ ಹುಡುಗಿಗೆ ದೊಡ್ಡ ಪ್ರಶ್ನೆಗಳೇನೂ ಬೇಕಿಲ್ಲ. ಕಪ್ಪು ಬರಬೇಕಾದರೆ ಅಕ್ಕಿಯನ್ನು ಎಷ್ಟು ಹೊತ್ತು ಹುರಿಯಬೇಕು ಅಜ್ಜೀ, ಎಂದರಾಯಿತು.