ಕಡಲ ಕಾವೂ ಕಡಲ ಬೇಸಾಯವೂ

ನಮ್ಮ ಕರಾವಳಿಯ ಬಡವನ ಗಂಜಿಗೆ ನಂಟಾಗಿರುವುದು ಬೂತಾಯಿ ಮೀನು. ಉತ್ತರ ಕನ್ನಡದವರು ಇದನ್ನು ತಾರ್ಲೆ ಎನ್ನುವರು. ಕೆಲವು ವರ್ಷ ಉಕ್ಕಿ ಬರುವುದೂ ಕೆಲವು ವರ್ಷ ಕಾಣದಾಗುವುದೂ ಈ ಮೀನಿಗೆ ಹೊಸತಲ್ಲ. 1940ರ ದಶಕದಲ್ಲಿಯೂ ಹೀಗಾಗಿತ್ತು. ಆದರೆ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತ ಬೂತಾಯಿಯು 2021ರಲ್ಲಿ 3,297 ಟನ್ನಿಗೆ ಇಳಿಯಿತೆಂದರೆ, ಅದನ್ನು ದೈವಾಧೀನವೆಂದು ಬಿಟ್ಟುಬಿಡುವುದು ವಿವೇಕವಲ್ಲ. ಮರುವರ್ಷವೇ ಅದು ಲಕ್ಷ ಟನ್ನನ್ನು ದಾಟಿತೆಂಬುದು ಸಂತೋಷದ ವಿಷಯವೇ ಸರಿ. ಆದರೆ ಇಂತಹ ಏರಿಳಿತವನ್ನು ನಂಬಿ ಸಾಲಮಾಡಿ ದೋಣಿ ಕಟ್ಟಿಸಿದವನ ಗತಿಯೇನು?

ಎಳೆಯ ಮೀನನ್ನು ಬಾಚಿದ ಬಲೆಗಳ ತಪ್ಪು ಇದರಲ್ಲಿ ಇಲ್ಲದಿಲ್ಲ. ಅದರೊಡನೆ ಕಡಲೂ ಕಾಯುತ್ತಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ನೀರು 1951ರಿಂದ 2015ರೊಳಗಾಗಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿತೆಂದೂ, ಇದೇ ಅವಧಿಯಲ್ಲಿ ಜಗತ್ತಿನ ಸಾಗರಗಳ ಸರಾಸರಿ ಏರಿಕೆಯು 0.7 ಡಿಗ್ರಿಯೆಂದೂ ಕೇಂದ್ರ ಸರಕಾರದ ಭೂವಿಜ್ಞಾನ ಮಂತ್ರಾಲಯವು 2020ರ ತನ್ನ ವರದಿಯಲ್ಲಿ ತಿಳಿಸಿದೆ.

ಆದುದರಿಂದ ಮೀನನ್ನು ಹಿಡಿಯುವುದಷ್ಟೇ ಸಾಲದು, ಬೆಳೆಯಲೂ ಬೇಕೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಏನನ್ನು ಬೆಳೆಯಬೇಕು, ಯಾರಿಗೋಸ್ಕರ ಬೆಳೆಯಬೇಕು ಎಂಬುದನ್ನು ಮೊದಲೇ ಯೋಚಿಸತಕ್ಕದ್ದು. ಪೂರ್ವ ಕರಾವಳಿಯಲ್ಲಿ 1990ರ ದಶಕದಲ್ಲಿ ಲಾಭದ ಆತುರದಿಂದ ತೋಡಿದ ಸಿಗಡಿ ಹೊಂಡಗಳು ಗದ್ದೆ ಬಾವಿಗಳನ್ನು ಉಪ್ಪಾಗಿಸಿದುವು. ಬಿಳಿಚುಕ್ಕೆ ರೋಗವು ಬಂದು ಹೊಂಡಗಳನ್ನೂ ಬರಿದುಮಾಡಿತು. ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟೇ ಅಡ್ಡಬರಬೇಕಾಯಿತು. ಆ ಪಾಠವನ್ನು ಮತ್ತೊಮ್ಮೆ ಕಲಿಯುವ ಅಗತ್ಯವಿಲ್ಲ.

1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 2007ರಲ್ಲಿ ವಿಶಾಖಪಟ್ಟಣದ ಕಡಲಿನಲ್ಲಿ ಬಲೆಯ ಪಂಜರವನ್ನು ತೇಲಿಬಿಟ್ಟು ಮೀನು ಸಾಕಿತು. 2010ರಲ್ಲಿ ಮಂಡಪಂನಲ್ಲಿ ಕೋಬಿಯಾ ಮೀನಿನ ಮರಿಗಳನ್ನು ಪಡೆಯಿತು. ನಮ್ಮ ಕಾರವಾರದಲ್ಲಿಯೂ ಪಂಜರ ಕೃಷಿಯು ನಡೆದಿದೆ. ಈ ವಿಜ್ಞಾನಿಗಳ ಶ್ರಮವು ಸ್ತುತ್ಯರ್ಹವಾದುದು. ಆದರೆ ಪಂಜರದ ಕೋಬಿಯಾ ಹುಲ್ಲು ಮೇಯುವ ಪ್ರಾಣಿಯಲ್ಲ. ಒಂದು ಸೇರು ಮೈಗೂಡಿಸಲು ಅದು ಹಲವು ಸೇರು ಅಗ್ಗದ ಮೀನನ್ನು ತಿನ್ನುತ್ತದೆ. ಆ ಅಗ್ಗದ ಮೀನು ಬಹುಮಟ್ಟಿಗೆ ನಮ್ಮ ಬೂತಾಯಿಯೇ. ಬಡವನ ಬಟ್ಟಲಿನಿಂದ ತೆಗೆದು ಸಿರಿವಂತನ ಮೇಜಿಗೆ ಬಡಿಸುವುದನ್ನು ಅಭಿವೃದ್ಧಿಯೆಂದು ನಾವು ಕರೆಯಲಾರೆವು. ಮೀನಿನ ಬದಲು ಧಾನ್ಯ, ಹಿಂಡಿಗಳಿಂದ ಮೇವನ್ನು ಸಿದ್ಧಪಡಿಸುವ ಸಂಶೋಧನೆಯು ಮೊದಲು ಕೈಗೂಡಲಿ. ಪಂಜರಗಳ ಸಂಖ್ಯೆಯು ಆಮೇಲೆ ಹೆಚ್ಚಲಿ.

ಮೇವನ್ನೇ ಬೇಡದ ಬೆಳೆಯೊಂದುಂಟು. ಅದು ಪಚ್ಚಿಲೆ, ನೀಲಿಕಲ್ಲೆಂದೂ ಹೇಳುವರು. ಎಳೆಯ ಪಚ್ಚಿಲೆಗಳನ್ನು ಹಗ್ಗದ ಸುತ್ತಲೂ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಅಳಿವೆಯಲ್ಲಿ ತೂಗುಬಿಟ್ಟರೆ, ಕೆಲವು ದಿನಗಳಲ್ಲಿ ಬಟ್ಟೆ ಕೊಳೆತುಹೋಗಿ ಪಚ್ಚಿಲೆಗಳು ಹಗ್ಗಕ್ಕೆ ಅಂಟಿಕೊಳ್ಳುತ್ತವೆ. ನೀರಿನಲ್ಲಿರುವ ಸೂಕ್ಷ್ಮ ಸಸ್ಯಗಳನ್ನೇ ಸೋಸಿ ತಿಂದು ಮಳೆಗಾಲಕ್ಕೆ ಮುನ್ನ ಕೊಯ್ಲಿಗೆ ಬರುತ್ತವೆ. ಕಾಸರಗೋಡು ಜಿಲ್ಲೆಯ ಪಡನ್ನದಲ್ಲಿ ಸ್ತ್ರೀಯರ ಸಂಘಗಳು ಇದನ್ನು ಮಾಡಿ ತೋರಿಸಿವೆ.

ಹಾಗೆಂದು ಇದೂ ನಿರಪಾಯವಲ್ಲ. ಅಮೆರಿಕದ ಒರೆಗಾನ್ ಸಂಸ್ಥಾನದ ನೆಟಾರ್ಟ್ಸ್ ಕೊಲ್ಲಿಯಲ್ಲಿರುವ ಸಿಂಪಿಮರಿಗಳ ಕೇಂದ್ರವೊಂದರಲ್ಲಿ 2007–08ರ ಸುಮಾರಿಗೆ ಮರಿಗಳು ಲಕ್ಷೋಪಲಕ್ಷವಾಗಿ ಸತ್ತುವು. ಮೊದಲು ರೋಗಾಣುವನ್ನು ಶಂಕಿಸಿದರು. ನೀರನ್ನು ಪರೀಕ್ಷಿಸಿದಾಗ ನಿಜವಾದ ಕಾರಣವು ಹೊರಬಿದ್ದಿತು: ಆಳದಿಂದ ಮೇಲೆದ್ದ ತಣ್ಣೀರಿನಲ್ಲಿ ಇಂಗಾಲಾಮ್ಲ ಹೆಚ್ಚಿದ್ದುದರಿಂದ ಮರಿಗಳಿಗೆ ಚಿಪ್ಪು ಕಟ್ಟಲು ಆಗಲಿಲ್ಲ. ಮಾಪಕ ಯಂತ್ರಗಳನ್ನಿಟ್ಟು, ನೀರು ಕೆಟ್ಟಾಗ ಸೋಡಾ ಬೆರೆಸಿ, ಅವರು ಉದ್ಯಮವನ್ನು ಉಳಿಸಿಕೊಂಡರು. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಮುಂಗಾರಿನ ಕಾಲದಲ್ಲಿ ಆಳದ ನೀರು ಮೇಲೇಳುವುದುಂಟು. ಒರೆಗಾನಿನವರು ನಷ್ಟವಾದ ಮೇಲೆ ಅಳೆದರು. ನಾವು ಮೊದಲೇ ಅಳೆಯಬಹುದು.

ಸರಕಾರಕ್ಕೆ ನಮ್ಮ ಸೂಚನೆಗಳು ಮೂರು. ಕೃಷಿಗೆ ಗುತ್ತಿಗೆ ಕೊಡುವ ಪ್ರತಿಯೊಂದು ಅಳಿವೆಯಲ್ಲಿಯೂ ನೀರಿನ ಕಾವು, ಉಪ್ಪು, ಪ್ರಾಣವಾಯು, ಆಮ್ಲತೆಗಳನ್ನು ಅಳೆಯುವ ಏರ್ಪಾಡಾಗಲಿ. ಆ ಅಂಕಿಗಳು ಕಚೇರಿಯ ಕಡತದಲ್ಲಿ ಮಲಗದೆ ಮೀನುಗಾರರ ಸಂಘದ ಬಾಗಿಲಿನಲ್ಲಿ ದಿನವೂ ಕನ್ನಡದಲ್ಲಿ ಕಾಣಲಿ. ಮೇವು ಬೇಡದ ಬೆಳೆಗೆ ಮೊದಲ ಸಹಾಯಧನವು ಸಲ್ಲಲಿ. ಗುತ್ತಿಗೆಯು ದೂರದ ಬಂಡವಾಳಗಾರನಿಗಿಂತ ಮೊದಲು ಅದೇ ದಂಡೆಯ ಸಹಕಾರಿ ಸಂಘಕ್ಕೂ ಮೀನು ಮಾರುವ ಹೆಂಗಸರ ಸಂಘಕ್ಕೂ ದೊರೆಯಲಿ.

ಕಾಯುತ್ತಿರುವ ಕಡಲನ್ನು ತಣಿಸುವುದು ಒಂದು ಜಿಲ್ಲೆಯ ಕೈಯಲ್ಲಿಲ್ಲ. ಅದರ ಮೈಯನ್ನು ಮುಟ್ಟಿ ನೋಡದೆ ಬಿತ್ತುವ ಮೌಢ್ಯವನ್ನು ಬಿಡುವುದಾದರೋ ನಮ್ಮ ಕೈಯಲ್ಲಿಯೇ ಇದೆ.